ಕೊಂದವರ ಕಡತ ಬಲು ಚೊಕ್ಕ

ಐಸಿಸ್‌ನವರನ್ನು ಒಂದು ವಿಷಯಕ್ಕೆ ಮೆಚ್ಚಲೇಬೇಕು. ಕಾಗದಪತ್ರ ಇಡುವುದರಲ್ಲಿ ನಮ್ಮ ತಾಲೂಕು ಕಚೇರಿಯವರು ಅವರ ಕಾಲ ಕೆಳಗೆ ನುಸುಳಬೇಕು! ತೆರಿಗೆ ಕಿತ್ತುಕೊಂಡರೆ ರಸೀದಿ. ಇರಾಕಿನ ಅಲ್ಪಸಂಖ್ಯಾತ ಯಜೀದಿ ಪಂಗಡದ ಹೆಣ್ಣುಮಕ್ಕಳನ್ನು ಮಾರಿದರೆ ಕರಾರುಪತ್ರ, ಅದಕ್ಕೊಂದು ಮುದ್ರೆ. ಅವರನ್ನು ಗುಲಾಮರಾಗಿಸಿದ್ದು ಯಾಕೆ ಸರಿ ಎಂದು 2014ರ ಅಕ್ಟೋಬರ್‌ನಲ್ಲಿ ತಮ್ಮದೇ ಪತ್ರಿಕೆ ‘ದಾಬಿಕ್’ನಲ್ಲಿ ಲೇಖನ ಬೇರೆ. ಕಳ್ಳನೇ ಕೂತು ಪಂಚನಾಮೆ ಬರೆದು ರುಜು ಹಾಕಿದಂತೆ.

ಲೋಕವೂ ಸುಮ್ಮನೆ ಕೂರಲಿಲ್ಲ, ಪಾಪ. ಯಜೀದಿಗಳ ನೆಲೆಯಾದ ಇರಾಕಿನ ಸಿಂಜಾರ್‌ಗೆ ಐಸಿಸ್‌ನವರು ನುಗ್ಗಿದ್ದು 2014ರ ಆಗಸ್ಟ್ 3ರಂದು. ಸಾಕ್ಷ್ಯ ಕಲೆಹಾಕಲು ತಂಡ ಕಟ್ಟಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಠರಾವು ಮಾಡಿದ್ದು 2017ರ ಸೆಪ್ಟೆಂಬರ್‌ನಲ್ಲಿ. ಐಸಿಸ್ ಸೆರೆಯಿಂದ ಪಾರಾದ ಯಜೀದಿ ಹೆಣ್ಣುಮಗಳು ನಾದಿಯಾ ಮುರಾದ್‌ರ ಊರು ಕೋಚೊದಲ್ಲಿ ಮೊದಲ ಸಾಮೂಹಿಕ ಗೋರಿ ಅಗೆದದ್ದು 2019ರ ಮಾರ್ಚ್‌ನಲ್ಲಿ. ಆ ಹೊತ್ತಿಗೆ ಆಕೆಗೆ ಓಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದು ಮೂರು ತಿಂಗಳಾಗಿತ್ತು. ಸಿಂಜಾರ್‌ಗಿಂತ ಓಸ್ಲೋ ಹತ್ತಿರವಿರಬೇಕು.

ಸರಿ, ಸಾಕ್ಷ್ಯ ಸಿಕ್ಕಿತು. ಯಾರ ಮುಂದೆ ಇಡುವುದು? ಇರಾಕ್, ಸಿರಿಯಾ ಎರಡೂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯರಲ್ಲ. ಇರಾಕಿನಲ್ಲಿ ನರಮೇಧಕ್ಕೆಂದು ಒಂದು ಕಾನೂನೇನೋ ಇತ್ತು, ಸದ್ದಾಂ ಕಾಲದವರಿಗಾಗಿ ಮಾಡಿದ್ದು. ಅದರ ವ್ಯಾಪ್ತಿ 2003ರ ಮೇ ಒಂದಕ್ಕೇ ನಿಂತುಬಿಡುತ್ತದೆ. ಆಮೇಲೆ ಕೊಲ್ಲುವವರು ಬರಲಿಕ್ಕಿಲ್ಲ ಅಂದುಕೊಂಡರೋ ಏನೋ. ಹಾಗಾಗಿ ಸಿಕ್ಕವರ ಮೇಲೆಲ್ಲ 2005ರ ಭಯೋತ್ಪಾದನಾ ವಿರೋಧಿ ಕಾನೂನು. ‘ಸಂಘಟನೆಯಲ್ಲಿದ್ದೆಯಾ?’ ‘ಇದ್ದೆ.’ ಕೆಲವು ವಿಚಾರಣೆಗಳು ಹತ್ತೇ ನಿಮಿಷದಲ್ಲಿ ಮುಗಿದು ನೇಣಿನ ಶಿಕ್ಷೆಯೂ ಆಯಿತು. ಅವನು ಯಾರನ್ನು ಕೊಂದ, ಯಾರನ್ನು ಮಾರಿದ ಎಂದು ಕೇಳುವ ಪುರಸತ್ತು ಇಲ್ಲ. ಇತ್ತ ವಿಶ್ವಸಂಸ್ಥೆಗೆ ನೇಣು ಮೈಲಿಗೆ. ಗಲ್ಲು ಇರುವ ಕೋರ್ಟಿಗೆ ತನ್ನ ಸಾಕ್ಷ್ಯ ಕೊಡಲೊಲ್ಲದು. ಕಡಲೆ ಒಬ್ಬರ ಬಳಿ, ಹಲ್ಲು ಇನ್ನೊಬ್ಬರ ಬಾಯಲ್ಲಿ.

ಯಜೀದಿಗಳ ವಿಷಯದಲ್ಲಿ ‘ನರಮೇಧ’ ಎಂಬ ಪದ ಮೊದಲ ಬಾರಿ ತೀರ್ಪಿನಲ್ಲಿ ಬಿದ್ದದ್ದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ, 2021ರ ನವೆಂಬರ್ 30ರಂದು. ಫಲ್ಲುಜಾದಲ್ಲಿ ಐದು ವರ್ಷದ ಹುಡುಗಿಯನ್ನು ಕಿಟಕಿಗೆ ಕಟ್ಟಿ ಸುಡುಬಿಸಿಲಲ್ಲಿ ಸಾಯಿಸಿದವನಿಗೆ ಜೀವಾವಧಿ. ಅಲ್ಲಿ ಮುಖ್ಯ ಸಾಕ್ಷಿಯಾದದ್ದು ಮುದ್ರೆಯೊತ್ತಿದ ಯಾವ ಕಾಗದವೂ ಅಲ್ಲ. ಮಗುವಿನ ಜೊತೆಗೇ ಗುಲಾಮಳಾಗಿದ್ದ ತಾಯಿ ದಿನಗಟ್ಟಲೆ ನಿಂತು ಹೇಳಿದಳು.

ಈ ಮಧ್ಯೆ ಇರಾಕ್ ಸರ್ಕಾರ ವಿಶ್ವಸಂಸ್ಥೆಯ ಸಾಕ್ಷ್ಯದ ತಂಡಕ್ಕೆ ‘ಇನ್ನು ಹೊರಡಿ’ ಎಂದಿತು. 2024ರ ಸೆಪ್ಟೆಂಬರ್ 17ಕ್ಕೆ ಅವಧಿ ಮುಗಿದು ತಂಡ ಗಂಟುಮೂಟೆ ಕಟ್ಟಿತು. ಸಿಂಜಾರ್‌ನಲ್ಲಿ ಅಗೆಯದ ಗೋರಿಗಳು ಆಗಲೂ ಉಳಿದಿದ್ದವು.