ಗುಡ್ಡದ ಸಾಹೇಬರು

ಬೀದರಿನಲ್ಲಿ ಗುಡ್ಡವಿಲ್ಲ. ಊರೇ ಗುಡ್ಡದ ನೆತ್ತಿಯ ಮೇಲಿದೆಯಲ್ಲ ಎಂದು ಭೂಗೋಳದ ಮೇಷ್ಟ್ರು ಹೇಳಬಹುದು. ನಿಜ, ಜಂಬಿಟ್ಟಿಗೆ ಕಲ್ಲಿನ ಆ ಚಪ್ಪಟೆ ನೆತ್ತಿ ಕೋಟೆಯ ಆಚೆ ಒಮ್ಮೆಲೇ ಇಳಿದು ಮಾಂಜ್ರಾ ನದಿಯ ಕಡೆಗೆ ಬಯಲಾಗುತ್ತದೆ. ಆದರೆ ಗುಡ್ಡ ಎಂದರೆ ಜನ ತಲೆ ಎತ್ತಿ ನೋಡಬೇಕು, ಇಲ್ಲಿ ತಲೆ ತಗ್ಗಿಸಿ ನೋಡಬೇಕು. ಇಂಥ ಊರಿನಲ್ಲೂ ಕಾಲೊನಿಗೊಬ್ಬ ಗುಡ್ಡದ ಓಟಗಾರ ಇರುತ್ತಾನೆ. ತಮ್ಮನ್ನು ಅವರು ಟ್ರೇಲ್ ರನ್ನರ್ ಎಂದು ಕರೆದುಕೊಳ್ಳುತ್ತಾರೆ. ಊರವರಿಗೆ ಅವರು ಗುಡ್ಡದ ಸಾಹೇಬರು.

ಸಾಹೇಬರು ಸಾಮಾನ್ಯವಾಗಿ ಬ್ಯಾಂಕಿನಲ್ಲೋ ಪಾಲಿಟೆಕ್ನಿಕ್ಕಿನಲ್ಲೋ ಇರುತ್ತಾರೆ. ವಯಸ್ಸು ನಲವತ್ತು ದಾಟಿರುತ್ತದೆ, ರಕ್ತದ ಸಕ್ಕರೆ ಗಡಿಯಲ್ಲಿ ನಿಂತು ಇಣುಕುತ್ತಿರುತ್ತದೆ. ಡಾಕ್ಟರು "ದಿನಾ ಅರ್ಧ ತಾಸು ನಡೀರಿ" ಎಂದಿರುತ್ತಾರೆ. ಬರೀದ್ ಶಾಹಿ ಗುಮ್ಮಟಗಳ ಉದ್ಯಾನದಲ್ಲಿ ಪಿಂಚಣಿದಾರರ ಹಿಂದೆ ಒಂದು ತಿಂಗಳು ನಡೆದದ್ದೂ ಆಗಿರುತ್ತದೆ. ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ತಂಗಿಯ ಮಗ ಒಂದು ವಿಡಿಯೊ ಕಳಿಸುತ್ತಾನೆ. ಅಲ್ಲಿಗೆ ಡಾಕ್ಟರ ಅರ್ಧ ತಾಸು ಮುಗಿಯಿತು.

ಆ ವಿಡಿಯೊದಲ್ಲಿರುವುದು ಯುಟಿಎಂಬಿ. ಫ್ರಾನ್ಸಿನ ಶಾಮೊನಿಯಲ್ಲಿ ಹೊರಟು, ಇಟಲಿ, ಸ್ವಿಟ್ಜರ್ಲೆಂಡ್ ಹೊಕ್ಕು, ಮಾಂಟ್ ಬ್ಲಾಂಕ್ ಪರ್ವತಕ್ಕೆ ಒಂದು ಪ್ರದಕ್ಷಿಣೆ. ದೂರ ಸುಮಾರು 170 ಕಿಲೋಮೀಟರ್, ಏರು ಒಟ್ಟು ಸುಮಾರು 10,000 ಮೀಟರ್, ಎಲ್ಲ 46 ತಾಸು 30 ನಿಮಿಷದೊಳಗೆ ಮುಗಿಯಬೇಕು. 2003ರಿಂದ ನಡೆಯುತ್ತಿರುವ ಈ ಓಟದ ಕುರ್ಮಾಯೂರ್, ಶಾಂಪೆ, ಟ್ರಿಯಾಂ ಎಂಬ ಠಾಣೆಗಳನ್ನು ಸಾಹೇಬರು ಹುಮನಾಬಾದ್ ಬಸ್ಸಿನ ಸ್ಟಾಪುಗಳಂತೆ ಸಲೀಸಾಗಿ ಹೇಳುತ್ತಾರೆ. ಹುಮನಾಬಾದ್ ಬಸ್ಸಿನ ಸ್ಟಾಪು ಕೇಳಿದರೆ ತಡವರಿಸುತ್ತಾರೆ.

ಅವರಿಗೊಂದು ಸಿದ್ಧಾಂತವೂ ಇದೆ. ಶಾಮೊನಿ ಸಮುದ್ರಮಟ್ಟದಿಂದ 1,035 ಮೀಟರ್ ಎತ್ತರದಲ್ಲಿದೆ, ಬೀದರ 660ರ ಮೇಲಿದೆ. "ಅಂದ್ರ ಅರ್ಧಕ್ಕಿಂತ ಜಾಸ್ತಿ ನಾವ್ ಹುಟ್ಟೂದರೊಳಗೇ ಏರಿ ಆಗ್ಯಾದ" ಎಂಬುದು ಅವರ ಲೆಕ್ಕ. ಬಹಮನಿಯ ಅಹ್ಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದದ್ದು ಹವೆ ಚೆನ್ನಾಗಿದೆ, ಜಾಗ ಭದ್ರವಾಗಿದೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಸಾಹೇಬರ ಇತಿಹಾಸದಲ್ಲಿ ಸುಲ್ತಾನ ಬಂದದ್ದು ಹೈ ಆಲ್ಟಿಟ್ಯೂಡ್ ಟ್ರೇನಿಂಗಿಗೆ. 1432ರ ಸುಮಾರಿಗೆ ಮುಗಿದ ಆ ಕೋಟೆಗೆ ಬಂಡೆ ಕಡಿಸಿ ಮೂರು ಸಾಲಿನ ಕಂದಕ ತೋಡಿಸಿದ್ದಾರಲ್ಲ, ಅದೂ ಶತ್ರುಗಳಿಗಾಗಿ ಅಲ್ಲವಂತೆ, ಹಿಲ್ ರಿಪೀಟ್ ಮಾಡುವವರಿಗಾಗಿ. ಊರ ನಡುವಿನ ಚೌಬಾರದ ಮೇಲೂ ಅವರ ಕಣ್ಣಿದೆ. 71 ಅಡಿ ಎತ್ತರ, ಒಳಗೆ 80 ಸುರುಳಿ ಮೆಟ್ಟಿಲು. ಅದರ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಸಿಕ್ಕಿದವರನ್ನೆಲ್ಲ ವಿಚಾರಿಸುತ್ತಾ ತಿರುಗುತ್ತಾರೆ.

ಕೋಟೆಯ ಕಡೆಯಿಂದ ಅಷ್ಟೂರಿನ ಗುಮ್ಮಟಗಳತ್ತ ಇಳಿಯುವ ದಾರಿ ಇವರ ಆಲ್ಪ್ಸ್. ತಲೆಗೆ ಟಾರ್ಚು, ಎರಡೂ ಕೈಗೆ ಮಡಚುವ ಕೋಲು, ಬೆನ್ನಿಗೆ ನೀರಿನ ಚೀಲ, ಆ ಚೀಲದಿಂದ ಬಾಯಿಗೆ ಒಂದು ನಳಿಗೆ. ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದ ರೋಗಿಯೆಂದು ಮೊದಲ ವಾರ ಜನ ದಾರಿ ಬಿಟ್ಟು ನಿಂತರು. ಇಳಿದು ಮತ್ತೆ ಏರಿದರೆ ಗಡಿಯಾರದಲ್ಲಿ ನೂರು ಮೀಟರ್ ಬಿದ್ದರೆ ಪುಣ್ಯ. ಯುಟಿಎಂಬಿಯ ಏರು ಬೇಕೆಂದರೆ ಅದೇ ದಾರಿಯನ್ನು ನೂರು ಸಲ ಏರಬೇಕು. ಒಂದು ಭಾನುವಾರ ನಾಲ್ಕನೆಯ ಸಲ ಏರುತ್ತಿದ್ದಾಗ ಎಮ್ಮೆ ಮೇಯಿಸುವ ಅಜ್ಜನೊಬ್ಬ ತಡೆದು ನಿಲ್ಲಿಸಿದ. "ಏನ್ ಕಳಕೊಂಡೀರಿ ಸಾಹೇಬ್ರೆ? ನಾಕ್ ಸಲ ಆಯ್ತು ನೋಡ್ಲತೀನಿ. ಏನಂತ ಹೇಳ್ರಿ, ನಾನೂ ಹುಡುಕ್ತೀನಿ."

ಮನೆಯಲ್ಲಿ ಪರಿಸ್ಥಿತಿ ಇದಕ್ಕಿಂತ ಗಂಭೀರ. ಶಾಮೊನಿಯ ಓಟಕ್ಕೆ ದುಡ್ಡು ಕಟ್ಟಿದ ಮಾತ್ರಕ್ಕೆ ಜಾಗ ಸಿಗುವುದಿಲ್ಲ. ಆ ಸರಣಿಯ ಬೇರೆ ಓಟಗಳನ್ನು ಮುಗಿಸಿ 'ರನ್ನಿಂಗ್ ಸ್ಟೋನ್' ಗಳಿಸಬೇಕು, ಆಮೇಲೆ ಚೀಟಿ ಎತ್ತುತ್ತಾರೆ. ಇದನ್ನು ಸಾಹೇಬರು ಊಟಕ್ಕೆ ಕೂತಾಗ ತಾಯಿಗೆ ವಿವರಿಸಿದರು. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕಲ್ಲ ತರ್ಲಾಕ ಪರದೇಶಕ್ಕ ಯಾಕ ಹೋಗ್ತಿಯೋ ಯಪ್ಪಾ? ನಮ್ ಹೊಲದಾಗ ಎಷ್ಟರೆ ಬಿದ್ದಾವ. ನಿಮ್ಮಪ್ಪ ಜಲಮೆಲ್ಲಾ ಅವನ್ನೇ ಆರಿಸಿ ಆರಿಸಿ ಬದುವಿಗಿ ಹಾಕ್ಯಾನ. ಅವ್ನಿಗಿ ಯಾರೂ ಚೀಟಿ ಎತ್ತಲಿಲ್ಲ."

ಭಾಲ್ಕಿಯ ಸಾಹೇಬರಿಗೆ ಇಷ್ಟು ಇಳಿಜಾರೂ ಇಲ್ಲ. ಅವರ ಪಾಲಿಗೆ ಬ್ಯಾಲಹಳ್ಳಿಯ ಕಾರಂಜಾ ಅಣೆಕಟ್ಟಿನ ಒಡ್ಡೇ ಹಿಮಾಲಯ. ಬೀದರಿನವರಿಗೂ ಇವರಿಗೂ ಮಾತು ಅಷ್ಟಕ್ಕಷ್ಟೆ. ಒಡ್ಡಿನ ಏರು ಕೃತಕ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಬೀದರಿನವರ ಆಕ್ಷೇಪ. ಕಂದಕವನ್ನೇನು ದೇವರು ತೋಡಿದನೇ ಎಂಬುದು ಭಾಲ್ಕಿಯವರ ಉತ್ತರ.

ಔರಾದಿನ ಕಥೆ ಬೇರೆ. ಬೀದರಿನಿಂದ ಔರಾದಿಗೆ ನಲವತ್ತು ಕಿಲೋಮೀಟರಿನ ಆಸುಪಾಸು. ಊರೊಳಗೆ ಸ್ವಲ್ಪ ಸುತ್ತಿದರೆ ಮ್ಯಾರಥಾನಿನ 42.195 ತುಂಬುತ್ತದೆ. ಈ ಸತ್ಯ ಗೊತ್ತಾದ ದಿನದಿಂದ ಬೀದರಿನ ಸಾಹೇಬರಿಗೆ ನಿದ್ದೆ ಬರಲಿಲ್ಲ. ಬೆಳಗಿನ ನಾಲ್ಕಕ್ಕೆ ಹೊರಟರು. ಜನವಾಡ ದಾಟುವುದರೊಳಗೆ ಮೂರು ಮೋಟಾರ್ ಸೈಕಲ್ಲು ನಿಂತವು. ನಮ್ಮ ಕಡೆ ದೊಡ್ಡ ಮನುಷ್ಯ ರಸ್ತೆಯಲ್ಲಿ ಓಡಿದರೆ ಅದಕ್ಕೆ ಎರಡೇ ಕಾರಣ, ಯಾರೋ ಸತ್ತಿರಬೇಕು ಇಲ್ಲವೇ ಯಾರೋ ಬೆನ್ನು ಹತ್ತಿರಬೇಕು. ಮೂವರೂ ಅದನ್ನೇ ಕೇಳಿದರು. ಮೂರನೆಯವನು ಉತ್ತರಕ್ಕೂ ಕಾಯದೆ "ಮೊದ್ಲ ಕೂಡ್ರಿ ಅಣ್ಣಾ, ಆಮ್ಯಾಲ ಹೇಳೀರಂತ" ಎಂದು ಸೀಟು ಒರೆಸಿದ. ಬೇಡವೆಂದದ್ದಕ್ಕೆ ಅವನಿಗೆ ಸಿಟ್ಟು ಬಂತು, ಜಾತಿ ಗೀತಿ ನೋಡುತ್ತಾನೇನೋ ಎಂದು ಅನುಮಾನವೂ ಬಂತು. ಕೌಠಾದ ಸೇತುವೆ ಹತ್ತಿರ ಔರಾದಿನ ಬಸ್ಸೇ ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ "ಬಸ್ ತಪ್ಪ್ಯಾದೇನ್ರಿ? ಬರ್ರಿ, ಬರ್ರಿ!" ಎಂದ. "ಇಲ್ರಿ, ಓಡ್ಲತೀನಿ" ಎಂದರು ಸಾಹೇಬರು. "ಅದು ಕಾಣ್ತದ್ರಿ, ಯಾಕ?" ಬಸ್ಸಿನ ತುಂಬ ಜನ ಕಿಟಕಿಗೆ ಬಂದು ಉತ್ತರಕ್ಕಾಗಿ ಕಾದರು. ಯಾಕೆ ಎಂಬ ಈ ಪ್ರಶ್ನೆಯನ್ನು ಶಾಮೊನಿಯಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೇ ಅಲ್ಲಿ ಓಟ ಸುಲಭ ಎಂದು ನನ್ನ ಭಾವನೆ.

ಸಂತಪೂರದ ಹತ್ತಿರ ಸಾಹೇಬರಿಗೆ ಡಾಂಬರು ಬೇಸರವಾಯಿತು. ಟ್ರೇಲ್ ರನ್ನರ್ ಆದವನು ಡಾಂಬರಿನ ಮೇಲೆ ಓಡಿದರೆ ಮರ್ಯಾದೆ ಏನಾಯಿತು? ಹೊಲದ ದಾರಿ ಹಿಡಿದರು. ಹಿಂದಿನ ರಾತ್ರಿ ಮಳೆಯಾಗಿತ್ತು. ಎರಿ ಮಣ್ಣು. ಆಲ್ಪ್ಸಿನ ಕೆಸರಿಗೆಂದೇ ಮಾಡಿದ ಅವರ ಶೂ ಹದಿನೈದು ಸಾವಿರದ್ದು, ಅಡಿಯಲ್ಲಿ ಹಲ್ಲುಹಲ್ಲು. ಎರಿ ಮಣ್ಣು ಆ ಪ್ರತಿ ಹಲ್ಲನ್ನೂ ಪ್ರೀತಿಯಿಂದ ಹಿಡಿಯಿತು. ಐವತ್ತು ಹೆಜ್ಜೆಯಲ್ಲಿ ಕಾಲಿಗೊಂದು ಸೇರು ಮಣ್ಣು, ನೂರರಲ್ಲಿ ಸಾಹೇಬರು ಅರ್ಧ ಅಡಿ ಎತ್ತರವಾದರು. ಅವರ ಜೀವಮಾನದ ಅತಿ ಶೀಘ್ರ ಏರಿಕೆ ಅದೇ, ಆದರೆ ಗಡಿಯಾರ ಅದನ್ನು ಗುರುತಿಸಲಿಲ್ಲ. ಪಕ್ಕದಲ್ಲೇ ಒಬ್ಬ ರೈತ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಸರಸರ ನಡೆದುಹೋದ. ಆಚೆ ಉದ್ದಿನ ಹೊಲದಿಂದ ನಾಲ್ಕು ಚಿಗರಿಗಳು ಎದ್ದು, ಇವರನ್ನು ಒಮ್ಮೆ ನೋಡಿ, ಓಡುವ ಅಗತ್ಯವಿಲ್ಲವೆಂದು ತೀರ್ಮಾನಿಸಿ ಮತ್ತೆ ಮೇಯತೊಡಗಿದವು.

ರೈತನೇ ಕೊನೆಗೆ ಗುಡಿಸಲಿಗೆ ಕರೆದೊಯ್ದು ಕುಡುಗೋಲಿನ ಹಿಂಬದಿಯಿಂದ ಶೂ ಕೆರೆದುಕೊಟ್ಟ. ಸಾಹೇಬರು ಕಿಸೆಯಿಂದ ಎನರ್ಜಿ ಜೆಲ್ಲಿನ ಪೊಟ್ಟಣ ತೆಗೆದು ಬೆಲೆ ಸಮೇತ ಪರಿಚಯ ಮಾಡಿಕೊಟ್ಟರು. ಅವನು ಒಂದು ಹನಿ ನಾಲಿಗೆಗೆ ಹಚ್ಚಿ, "ಮಂದಿ ಇದಕ್ಕ ರೊಕ್ಕ ಕೊಡ್ತಾರ?" ಎಂದು ಕೇಳಿ, ಬುತ್ತಿ ಬಿಚ್ಚಿದ. ಖಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸಾಹೇಬರು ನಾಲ್ಕು ರೊಟ್ಟಿ ತಿಂದು ಔರಾದಿನ ಅಮರೇಶ್ವರನ ಗುಡಿಯ ತನಕ ಟ್ರ್ಯಾಕ್ಟರಿನಲ್ಲಿ ಹೋದರು. ಅಂದಿನ ದಾಖಲೆಯಲ್ಲಿ ಕೊನೆಯ ಏಳು ಕಿಲೋಮೀಟರಿನ ವೇಗ ಅಸಾಧಾರಣವಾಗಿದೆ.

ಝರಣಿ ನರಸಿಂಹನನ್ನೂ ಅವರು ಬಿಟ್ಟಿಲ್ಲ. ಎದೆಮಟ್ಟದ ನೀರಿನಲ್ಲಿ, ತಲೆಯ ಮೇಲೆ ಬಾವಲಿಗಳು ಹಾರಾಡುವ ಗುಹೆಯಲ್ಲಿ ನಡೆದು ದೇವರ ದರ್ಶನಕ್ಕೆ ಹೋಗಬೇಕಲ್ಲ, ಅದಕ್ಕೆ ಇವರ ಹೆಸರು ಕ್ರಾಸ್ ಟ್ರೇನಿಂಗ್. ನೀರು ಹೊಗದ ಚೀಲದಲ್ಲಿ ಫೋನು ಕಟ್ಟಿಕೊಂಡು ಉಸಿರು ಎಣಿಸುತ್ತಾ ಸಾಗುತ್ತಿದ್ದಾಗ, ಮೊಮ್ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡ ಒಬ್ಬ ಅಜ್ಜಿ "ಜರಾ ಸರಿಯೋ ತಮ್ಮಾ" ಎಂದು ಪಕ್ಕದಿಂದ ಮುಂದೆ ಹೋದಳು.

ಇನ್ನು ಚಿಕ್ಕಮಗಳೂರು. ಅಲ್ಲಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾಕ್ಕೆ ಸಾಹೇಬರು ಹೋಗಿಬಂದಿದ್ದಾರೆ. 50 ಕಿಲೋಮೀಟರ್ ಓಡಲು ಏಳುನೂರರಷ್ಟು ಕಿಲೋಮೀಟರ್ ಬಸ್ಸು ರೈಲಿನಲ್ಲಿ ಕೂತು ಹೋದರು. ಮೂವತ್ತು ದಾಟುವಷ್ಟರಲ್ಲಿ ಸಮಯದ ಗಡುವು ಮುಗಿದು ಅವರನ್ನು ಜೀಪಿಗೆ ಹತ್ತಿಸಿದರು. ಈ ಜೀಪಿನ ಸಂಗತಿ ಅವರ ವೃತ್ತಾಂತದಲ್ಲಿ ಬರುವುದೇ ಇಲ್ಲ. ಬರುವುದು ಜಿಗಣೆ. ಜಿಗಣೆಯನ್ನು ಕಂಡೇ ಇರದ ಬೀದರಿನ ಜನರ ಮುಂದೆ ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಈಗ ಹಾವಿನ ಗಾತ್ರಕ್ಕೆ ಬಂದಿದೆ.

ಹಾಗೆಂದು ಸಾಹೇಬರನ್ನು ಪೂರ್ತಿ ತಳ್ಳಿಹಾಕಲಾರೆ. ಸಕ್ಕರೆ ಹತೋಟಿಗೆ ಬಂದಿದೆ, ಡಾಕ್ಟರು ತಬ್ಬಿಬ್ಬಾಗಿದ್ದಾರೆ. ಅಷ್ಟೂರಿನ ಇಳಿಜಾರಿನಲ್ಲಿ ಎಲ್ಲಿ ಕಲ್ಲು ಸಡಿಲಾಗಿದೆ, ಕಂದಕದ ಯಾವ ಮೂಲೆಯಲ್ಲಿ ಕುಡುಕರು ಬಾಟಲಿ ಒಡೆದುಹೋಗುತ್ತಾರೆ ಎಂಬುದು ಊರಿನಲ್ಲಿ ಅವರೊಬ್ಬರಿಗೇ ಗೊತ್ತು. ಆ ಗಾಜನ್ನು ಆರಿಸಿ ಚೀಲಕ್ಕೆ ತುಂಬಿಕೊಂಡು ಬರುವವರೂ ಅವರೊಬ್ಬರೇ. ಅದನ್ನು ಮಾತ್ರ ಅವರು ಎಲ್ಲೂ ಹೇಳಿಕೊಳ್ಳುವುದಿಲ್ಲ.

ಆದ್ದರಿಂದ ಒಂದು ಮಾತು. ಔರಾದ್ ರಸ್ತೆಯಲ್ಲೋ ಕಾರಂಜಾದ ಒಡ್ಡಿನ ಮೇಲೋ ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ಓಡುವವರು ಕಂಡರೆ ಗಾಡಿ ನಿಲ್ಲಿಸಬೇಡಿ, ಅವರಿಗೆ ಏನೂ ಆಗಿಲ್ಲ. ನೀರು ಬೇಕೇ ಎಂದು ಕೇಳಬಹುದು, ದಾರಿ ಬಿಡಬಹುದು. ಯಾಕೆ ಓಡುತ್ತೀರಿ ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಅವರು ನಿಲ್ಲುತ್ತಾರೆ, ಶಾಮೊನಿಯಿಂದ ಶುರು ಮಾಡುತ್ತಾರೆ, ನಿಮ್ಮ ಬಸ್ಸು ಹೋಗಿಬಿಡುತ್ತದೆ.