ಅಜ್ಜಿಗೆ 2.67

ಮೈಲಾರದ ಕಾರ್ಣಿಕ ಕೇಳಿ ಬಂದವರನ್ನು ನೀವು ನೋಡಿರಬೇಕು. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅನ್ನುತ್ತಾನೆ, ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ, ಒಂದೇ ಒಂದು ಸಾಲು ನುಡಿದು ಅವನು ಕೆಳಕ್ಕೆ ಬೀಳುತ್ತಾನೆ. ಜನ ಹಡಗಲಿ ದಾಟಿ ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಆ ಒಂದು ಸಾಲಿನಿಂದ ಬಿತ್ತುವವನಿಗೆ ಮಳೆ, ಮಾರುವವನಿಗೆ ರೇಟು, ಎರಡೂ ಪಕ್ಷದವರಿಗೆ ಸರ್ಕಾರ ಸಿಕ್ಕಿಬಿಟ್ಟಿರುತ್ತದೆ. ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಗೆ ಮಾಕ್ ಟೆಸ್ಟ್ ಬರೆಯತೊಡಗಿದ ಮೇಲೆ ನಾನೂ ಈ ವಿದ್ಯೆಯಲ್ಲಿ ಪಳಗಿದೆ. ನೂರಕ್ಕೆ 18.67 ಬಂತು ಅನ್ನಿ. ಕಂಪ್ಯೂಟರ್ ಸೈನ್ಸಿಗೆ 2023ರ ಕಟಾಫ್ 32.5. ಅದರ ಕಡೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. 2022ರದ್ದು 25, ಅದು ಸಜ್ಜನರ ವರ್ಷ. ಒಬಿಸಿಗೆ ಅದರಲ್ಲೂ ರಿಯಾಯಿತಿ, 22.5. ಅಲ್ಲಿಗೆ ಕಮ್ಮಿ ಬಿದ್ದದ್ದು ನಾಲ್ಕು ಅಂಕವೂ ಅಲ್ಲ. ನಡುವೆ ಕರೆಂಟು ಹೋಗಿತ್ತು, ಅದಕ್ಕೊಂದೆರಡು. ಪರದೆಯ ಮೇಲಿನ ಕ್ಯಾಲ್ಕುಲೇಟರನ್ನು ಮೌಸಿನಲ್ಲಿ ಒತ್ತೊತ್ತಿ ಒಂದು ಸೊನ್ನೆ ಜಾಸ್ತಿ ಬಿದ್ದಿತ್ತು, ಅದಕ್ಕೆರಡು. ಮಲಗುವ ಹೊತ್ತಿಗೆ ನಾನು ಪಾಸು.

ಬಿಇ ಮುಗಿಸಿ ಗುಡೇಕೋಟೆಗೆ ಬಂದು ಕೂತವಳಿಗೆ ಇನ್ನೊಂದು ಕಷ್ಟವಿತ್ತು. ಇದು ಒನಕೆ ಓಬವ್ವನ ತವರು ಅಂತ ಊರಿಗೆ ಊರೇ ನಂಬಿದೆ. ಹೀಗಾಗಿ ಇಲ್ಲಿ ಯಾವ ಹೆಣ್ಣುಮಗಳೂ ನೆಮ್ಮದಿಯಾಗಿ ಹೆದರುವ ಹಾಗಿಲ್ಲ. ಅಂಗಡಿಗೆ ಹೋದರೂ, ‘ಓಬವ್ವನ ಊರಾಕಿ ಆಗಿ ಒಂದು ಪರೀಕ್ಷೆಗೆ ಮುಖ ಇಳಿಬಿಟ್ಕಂಡೀಯಲ್ಲವ್ವ!’ ನಾನೂ ಲೆಕ್ಕ ಹಾಕಿ ನೋಡಿದೆ. ಗೇಟ್‌ನಲ್ಲಿ 65 ಪ್ರಶ್ನೆ, 180 ನಿಮಿಷ, ತಲಾ ಮೂರು ನಿಮಿಷವೂ ಇಲ್ಲ. ಹೈದರನ ಸಿಪಾಯಿಗಳು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ಬಂದರು. ನನ್ನವು ಹಿಂಡಾಗಿ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಓಬವ್ವನಿಗೆ ನೆಗೆಟಿವ್ ಮಾರ್ಕಿಂಗ್ ಇರಲಿಲ್ಲ. ಒಂದು ಏಟು ತಪ್ಪಿದರೆ ಮೊದಲು ಸತ್ತವನ ಮೂರನೇ ಒಂದು ಭಾಗ ಎದ್ದು ಕೂರುತ್ತಿರಲಿಲ್ಲ.

ಬೆಂಗಳೂರಿನ ಗೆಳತಿಯ ಸುದ್ದಿ ಬೇಡವೆಂದರೂ ಹೇಳುತ್ತೇನೆ. ಪ್ರತಿ ಭಾನುವಾರ ಅವಳಿಂದ ಸ್ಕ್ರೀನ್‌ಶಾಟ್ ಬರುತ್ತಿತ್ತು: ‘61 ಅಷ್ಟೇ ಕಣೇ, ಅಳು ಬರ್ತಿದೆ.’ ಅಳಬೇಕಾದವರು ಯಾರು ಎಂಬ ಕನಿಷ್ಠ ಜ್ಞಾನವಿಲ್ಲದವರಿಗೆ 61 ಹೇಗೆ ಬರುತ್ತದೋ. ನಾನು ದುಡ್ಡು ಕಟ್ಟಿದ್ದ ಆ್ಯಪು ಇನ್ನೂ ಒಂದು ಕೈ ಮೇಲು. ಸೋತ ಮರುಗಳಿಗೆಯೇ ‘ಎದೆಗುಂದಬೇಡಿ’ ಎನ್ನುತ್ತಿತ್ತು, ಅದರ ಕೆಳಗೇ ಇನ್ನೊಂದು ದುಬಾರಿ ಪ್ಯಾಕಿನ ಜಾಹೀರಾತು.

ಒಂದು ರಾತ್ರಿ, ನೆಗೆಟಿವ್ ಮಾರ್ಕಿನ ಮೇಲಿನ ಸಿಟ್ಟಿಗೆ ಅದರದ್ದೇ ಗಣಿತ ಮಾಡಲು ಕೂತೆ. ನಾಲ್ಕು ಆಯ್ಕೆ. ಸರಿಯಾದರೆ ಒಂದು ಅಂಕ, ತಪ್ಪಾದರೆ ಮೂರನೇ ಒಂದಂಶ ಕಡಿತ. ಏನೂ ಗೊತ್ತಿಲ್ಲದವನು ಕಣ್ಣುಮುಚ್ಚಿ ಒತ್ತುತ್ತ ಹೋದರೆ ನಾಲ್ಕರಲ್ಲಿ ಒಂದು ಸರಿ, ಮೂರು ತಪ್ಪು. ಬಂದ ಒಂದು ಹೋದ ಒಂದಕ್ಕೆ ವಜಾ. ಸರಾಸರಿ ಸೊನ್ನೆ. ಎಷ್ಟು ನ್ಯಾಯವಾದ ಏರ್ಪಾಡು ಎಂದು ತಲೆದೂಗುತ್ತ ನನ್ನ ಹಾಳೆ ತೆಗೆದೆ. ಆ ದಿನದ ಒಂದಂಕದ ಇಪ್ಪತ್ತು ಬಹು ಆಯ್ಕೆ ಪ್ರಶ್ನೆಗಳಲ್ಲಿ ನನ್ನವು ನಾಲ್ಕು ಸರಿ, ಹದಿನಾರು ತಪ್ಪು. ಮೈನಸ್ 1.33. ಅಂದರೆ ನಾಲ್ಕು ವರ್ಷದ ಇಂಜಿನಿಯರಿಂಗ್ ನನ್ನನ್ನು ಏನೂ ಗೊತ್ತಿಲ್ಲದವರಿಗಿಂತ ಒಂದು ಮೆಟ್ಟಿಲು ಕೆಳಗೆ ಇಳಿಸಿತ್ತು.

ಇದನ್ನು ಪರೀಕ್ಷಿಸದೆ ಬಿಡುವುದು ವಿಜ್ಞಾನಕ್ಕೆ ಮಾಡುವ ಅನ್ಯಾಯ. ಏನೂ ಗೊತ್ತಿಲ್ಲದವರು ಬೇಕಿತ್ತು. ಅಜ್ಜಿ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಅಂಕಿಯನ್ನು ಬಸ್ಸಿನ ಟಿಕೇಟಿನ ಮಟ್ಟಿಗೆ ಓದುತ್ತಾಳೆ, ಅಕ್ಷರ ಒಲ್ಲೆ ಅಂದವಳು. ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟು, ‘ಅಜ್ಜಿ, ನಾಲ್ಕರಾಗೆ ಒಂದಕ್ಕೆ ಬೆರಳು ತೋರ್ಸು’ ಅಂದೆ.

‘ಯಾವುದಕ್ಕೆ?’

‘ನಿನಗೆ ತಿಳಿದಿದ್ದಕ್ಕೆ.’

‘ತಿಳಿದಂಗೆ ತೋರಿಸಾಕೆ ನಾನೇನು ನಿನ್ನಂಗೆ ಓದೀನಾ?’ ಅಂದಳು. ನಾನು ಉತ್ತರಿಸಲಿಲ್ಲ.

ಅವಳು ಕಣ್ಣುಮುಚ್ಚಿ ತೋರಿಸಿದ್ದರೆ ನನ್ನ ಪ್ರಯೋಗ ಕೆಡುತ್ತಿರಲಿಲ್ಲ. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ನ್ಯಾಯಪಂಚಾಯ್ತಿಗೆ ಕೂತಂತೆ ಕೂತಳು. ಮೊದಲ ಪ್ರಶ್ನೆಗೆ 8, 10, 11, 12 ಎಂಬ ನಾಲ್ಕು ಆಯ್ಕೆ. ಈ ಲೆಕ್ಕಕ್ಕೆ ಮಧ್ಯಾಹ್ನ ಎರಡು ಪುಟ ತುಂಬಿಸಿ ನಾನು 10 ಎಂದು ತೀರ್ಮಾನಿಸಿದ್ದೆ. ಅಜ್ಜಿ ತಡಮಾಡದೆ 11ರ ಮೇಲೆ ಬೆರಳಿಟ್ಟಳು. ‘ಮುಯ್ಯಿ ಅಂದ್ರೆ ಒಂದು ಸೇರ್ಸೇ ಹಾಕ್ಬೇಕು.’ ಸರಿ ಉತ್ತರ 11.

ಎರಡನೆಯದಕ್ಕೆ 64, 128, 256, 512. ಅಜ್ಜಿಯ ಮುಖ ಗಂಟಾಯಿತು. ‘ಯಾರ ಮನೆ ಮದುವಿಗೆ ಇಂಥ ಮುಯ್ಯಿ ಹಾಕ್ತಾರೆ? ಒಂದಕ್ಕೂ ಮೇಲೊಂದು ರೂಪಾಯಿ ಇಲ್ಲ!’ ಕಂಪ್ಯೂಟರಿಗೆ ಎರಡರ ಘಾತಗಳೇ ಇಷ್ಟ ಎಂದು ಹೇಳಲು ಹೋದೆ. ‘ಜಿಪುಣರು’ ಅಂದಳು. ‘ಹೋಗ್ಲಿ, ದೊಡ್ಡದು ಹಾಕು. ಕೊಡೋರು ಕೈ ಸಣ್ಣದು ಮಾಡಬಾರದು.’ 512 ತಪ್ಪು. ನನಗಾದ ಸಂತೋಷವನ್ನು ಇಲ್ಲಿ ಬರೆಯುವುದು ಮರ್ಯಾದೆಯಲ್ಲ.

ಆಯ್ಕೆಗಳು ವಾಕ್ಯದಲ್ಲಿದ್ದಾಗ ಅವಳದ್ದು ಬೇರೆ ಕಾನೂನು. ಯಾವುದು ಗಿಡ್ಡವೋ ಅದು. ‘ಕಮ್ಮಿ ಮಾತಾಡೋನು ನಿಜ ಹೇಳ್ತಾನೆ.’ ಒಂದು ಕಡೆ ‘ಮೇಲಿನ ಯಾವುದೂ ಅಲ್ಲ’ ಎಂದಿತ್ತು. ಓದಿ ಹೇಳಿದೆ. ಅಜ್ಜಿಗೆ ಕೆಂಡದಂಥ ಸಿಟ್ಟು. ‘ಯಾವುದೂ ಅಲ್ಲ ಅನ್ನಾಕೆ ಇಲ್ಲೀತನ ಯಾಕೆ ಕರ್ಕಂಡು ಬಂದ್ರು? ಮೊದಲೇ ಹೇಳ್ಬೇಕಿತ್ತು.’ ಐಐಎಸ್‌ಸಿಯವರು ಆ ವರ್ಷ ಗೇಟ್ ನಡೆಸುವವರಿದ್ದರು. ಈ ಆಕ್ಷೇಪಣೆ ಅವರಿಗೆ ತಲುಪಬೇಕಿತ್ತು. ಹನ್ನೆರಡನೆಯ ಪ್ರಶ್ನೆಗೆ ಎಲೆಅಡಿಕೆ ವಿರಾಮ. ಹದಿನೈದರ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಮೌಸು ಹಿಡಿದಳು. ಮೌಸಿಗೆಲ್ಲ ಹುಣಸೆ ಅಂಟು.

ಏಳು ಸರಿ, ಹದಿಮೂರು ತಪ್ಪು. 2.67. ಅಜ್ಜಿಗೂ ನನಗೂ ನಡುವೆ ಸರಿಯಾಗಿ ನಾಲ್ಕು ಅಂಕದ ಅಂತರ.

ಇದಕ್ಕೆ ಕಾರಣವಿದೆ ಎಂದು ಆಮೇಲೆ ಹೊಳೆಯಿತು. ಪ್ರಶ್ನೆ ತೆಗೆಯುವವರು ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬುವುದಿಲ್ಲ. ಅರ್ಧ ಲೆಕ್ಕಕ್ಕೆ ಕೈಬಿಟ್ಟವರಿಗೆ ಬರುವ ಉತ್ತರ, ಸೂತ್ರವನ್ನು ತಲೆಕೆಳಗಾಗಿ ನೆನಪಿಟ್ಟವರಿಗೆ ಬರುವ ಉತ್ತರ, ಇವನ್ನೇ ಆರಿಸಿ ಇಟ್ಟಿರುತ್ತಾರೆ. ಬಲೆ ಹಾಕಿದ್ದೇ ನನ್ನಂಥವರಿಗೆ. ಅಜ್ಜಿಯನ್ನು ಹಿಡಿಯುವ ಬಲೆ ಅವರ ಬಳಿ ಇರಲಿಲ್ಲ.

ಅಜ್ಜಿಯ ಗೆಲುವಿನ ಗದ್ದಲಕ್ಕೆ ಅಪ್ಪ ಹೊರಗಿನಿಂದ ಬಂದ. ಆ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ನಮ್ಮ ಶೇಂಗಾ ಗಿಡ ಕಿತ್ತರೆ ಬುಡದಲ್ಲಿ ಎರಡು ಕಾಯಿ, ಮೂರು ಜೊಳ್ಳು. ಅಪ್ಪ ನನ್ನಿಂದ ನಿಯಮ ಕೇಳಿ ತಿಳಿದುಕೊಂಡ.

‘ತಪ್ಪು ಬರೆದ್ರೆ ಇದ್ದದ್ದರಾಗೂ ಕಳೀತಾರೆ?’

‘ಹೂಂ.’

‘ಬರೀದೆ ಬಿಟ್ರೆ?’

‘ಸೊನ್ನೆ. ಕಳೆಯಲ್ಲ.’

‘ಚಲೋ ಐತಲ್ಲ’ ಅಂದ ಅಪ್ಪ. ‘ಬಿತ್ತದೆ ಬಿಟ್ಟಿದ್ರೆ ನಮಗೂ ಈ ಸಲ ಸೊನ್ನೆ ಆಗ್ತಿತ್ತು. ಬೀಜ, ಟ್ರ್ಯಾಕ್ಟರು, ಕಳೆ ತೆಗೆದ ಕೂಲಿ ಎಲ್ಲ ಮೈನಸ್ಸೇ. ಆದ್ರೆ ಹೊಲ ಬೀಳು ಬಿಡಾಕೆ ಮನಸ್ಸು ಬರಲ್ಲ ನೋಡು.’

ನಾನೂ ಅಜ್ಜಿಯೂ ನಗುತ್ತಿದ್ದದ್ದು ನಿಂತಿತು. ಅಪ್ಪ ಮಾತ್ರ ನನ್ನ ಪರದೆಯನ್ನು ಆಸಕ್ತಿಯಿಂದ ನೋಡುತ್ತಿದ್ದ. ‘ಹಂಗಾದ್ರೆ ಗೊತ್ತಿಲ್ಲದ್ದನ್ನ ನೀನ್ಯಾಕೆ ಬಿಡಲ್ಲ?’ ಅಂದ. ಇದೇ ಮಾತನ್ನು ಆ್ಯಪಿನ ಪರಿಣತರು ಒಂದೂವರೆ ತಾಸಿನ ವಿಡಿಯೋದಲ್ಲಿ ಹೇಳಿದ್ದರು, ನಾನು ಡಬಲ್ ಸ್ಪೀಡಿನಲ್ಲಿ ಓಡಿಸಿದ್ದೆ.

ಬಿಡಲು ಕಲಿಯುವುದು ಓದುವುದಕ್ಕಿಂತ ಕಷ್ಟ. ಖಾಲಿ ಬಿಟ್ಟ ಪ್ರಶ್ನೆಗಳು ರಾತ್ರಿ ಬಂದು ಮಾತಾಡಿಸುತ್ತವೆ. ಹೊರಗೆ ಕಟ್ಟೆಯ ಮೇಲೆ ಕೂತು ಓದೋಣವೆಂದರೆ ನಮ್ಮ ಗುಡ್ಡ ಕರಡಿಧಾಮ, ಕತ್ತಲಾದ ಮೇಲೆ ಅಲ್ಲಿನ ನಿವಾಸಿಗಳು ಇಳಿಯುತ್ತಾರೆ. ಹೇಗೋ ಫೆಬ್ರವರಿ ಬಂತು, ಪರೀಕ್ಷೆ ಬಂತು, ಹೋಯಿತು. 2024ರ ಕಟಾಫ್ 27.6ಕ್ಕೆ ಇಳಿದದ್ದು ಕೊಟ್ಟೂರೇಶನ ಕೃಪೆ ಎಂದು ಅವ್ವ, ನನ್ನ ಶ್ರಮ ಎಂದು ನಾನು. ದಾಟಿದೆ. ಎಷ್ಟರಲ್ಲಿ ಎಂದು ಕೇಳಬೇಡಿ. ದಾಟುವುದು ಬೇರೆ, ಐಐಎಸ್‌ಸಿ ಬೇರೆ ಎನ್ನುವುದನ್ನು ಊರಿಗೆ ವಿವರಿಸುವ ಕೆಲಸ ಇನ್ನೂ ನಡೆದಿದೆ.

ಅಷ್ಟರಲ್ಲಿ ಊರಿಗೆ ಅದಕ್ಕಿಂತ ದೊಡ್ಡ ಸುದ್ದಿ ಸಿಕ್ಕಿತ್ತು. ಬಿಇ ಮೊಮ್ಮಗಳಿಗಿಂತ ತನಗೆ ಜಾಸ್ತಿ ಬಂದದ್ದನ್ನು ಅಜ್ಜಿ ಕಟ್ಟೆಯಿಂದ ಸಂತೆಯವರೆಗೂ ಹಬ್ಬಿಸಿದ್ದಳು. ಹಿಂದಿನ ಓಣಿಯ ಹುಡುಗನೊಬ್ಬ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯ ಮಾದರಿ ಪತ್ರಿಕೆ ಹಿಡಿದು ಒಂದು ಸಂಜೆ ಬಂದೇಬಿಟ್ಟ. ಅದರಲ್ಲೂ ತಪ್ಪಿಗೆ ಕಾಲು ಅಂಕ ಕಡಿತವಂತೆ, ಅಜ್ಜಿ ಸುಮ್ಮನೆ ಬೆರಳು ತೋರಿಸಿದರೆ ಸಾಕಂತೆ. ಕಾಣಿಕೆಯಾಗಿ ಎಲೆಅಡಿಕೆಯನ್ನೂ ತಂದಿದ್ದ.

ಅಜ್ಜಿ ಎಲೆಅಡಿಕೆ ತೆಗೆದುಕೊಂಡಳು. ಪತ್ರಿಕೆಯನ್ನು ಹಿಂದಕ್ಕೆ ತಳ್ಳಿದಳು.

‘ಪೊಲೀಸ್‌ದು ನಾನು ನೋಡಲ್ಲಪ್ಪ. ಇಂಜಿನಿಯರ್‌ದು ಇದ್ರೆ ತಗಂಡು ಬಾ.’