ಮುಖಲೇಪನದಲ್ಲಿ ನೀರಿನ ಪಾತ್ರ: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ತೌಲನಿಕ ಅಧ್ಯಯನ

ಚರ್ಮದ ಕಾಂತಿಗೆ ಯಾವ ಮೂಲಿಕೆ ಬೇಕೆಂಬ ವಿಷಯದಲ್ಲಿ ಚರಕಸಂಹಿತೆ ಗೊಂದಲಕ್ಕೆ ಎಡೆಯಿಟ್ಟಿಲ್ಲ. ಸೂತ್ರಸ್ಥಾನದ ನಾಲ್ಕನೇ ಅಧ್ಯಾಯ ಮೂಲಿಕೆಗಳನ್ನು ತಲಾ 10ರಂತೆ 50 ಗುಂಪು ಮಾಡಿ, ಒಂದನ್ನು ಮೈಬಣ್ಣಕ್ಕೆಂದೇ ಮೀಸಲಿಟ್ಟಿದೆ: ಶ್ರೀಗಂಧ, ಲಾವಂಚ, ಅತಿಮಧುರ, ಮಂಜಿಷ್ಠ, ಸೊಗದೆ ಬೇರು ಇತ್ಯಾದಿ. ತುರಿಕೆಗೆ ಬೇರೆ ಗುಂಪು, ಚರ್ಮರೋಗಕ್ಕೆ ಮತ್ತೊಂದು. ಇಷ್ಟು ತಕರಾರಿಲ್ಲದ ಮೀಸಲಾತಿ ಪಟ್ಟಿ ಆಮೇಲೆ ಯಾವ ಸರ್ಕಾರಕ್ಕೂ ಸಾಧ್ಯವಾಗಿಲ್ಲ. ಆದರೂ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಅರಿಶಿನಕ್ಕೆ ಕಡಲೆಹಿಟ್ಟು ಕಲಸಿ, ಬೇವಿನೆಲೆ ಅರೆಯಿರಿ, ಲೋಳೆಸರ ಸವರಿ, ಗಂಧ ತೇಯಿರಿ; ಮನೆಮದ್ದಿನ ಅಂಕಣ ಯಾವುದೇ ಇರಲಿ, ಕೊನೆಯ ವಾಕ್ಯ ಒಂದೇ: ಒಣಗಿದ ಮೇಲೆ ತಣ್ಣೀರಿನಿಂದ ತೊಳೆಯಿರಿ. ಮೂಲಿಕೆ ಬದಲಾಗುತ್ತದೆ, ನೀರು ಬದಲಾಗುವುದಿಲ್ಲ, ಫಲ ಮಾತ್ರ ಎಲ್ಲದರಲ್ಲೂ ಹೊಳಪೇ. ನ್ಯಾಯಶಾಸ್ತ್ರದ ಅನ್ವಯ ನಿಯಮದಂತೆ, ಎಲ್ಲೆಡೆ ಹಾಜರಿರುವುದೇ ಕಾರಣ. ಆದ್ದರಿಂದ ಔಷಧ ನೀರು. ಉಳಿದದ್ದು ಅದನ್ನು ಮುಖದವರೆಗೆ ಕರೆತರುವ ನೆಪ.

ಅನ್ವಯವಷ್ಟೇ ಸಾಲದು, ಕಾರಣವಿಲ್ಲದೆಡೆ ಫಲವೂ ಇಲ್ಲವೆಂದು ತೋರುವ ವ್ಯತಿರೇಕವೂ ಬೇಕು. ಅದಕ್ಕೆ ಈ ಜಿಲ್ಲೆಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. ಆಯುರ್ವೇದ ಭೂಮಿಯನ್ನು ಮೂರು ಬಗೆಯಾಗಿ ಕಂಡಿದೆ: ನೀರು ಹೆಚ್ಚಿರುವ ಆನೂಪ, ಒಣಭೂಮಿಯಾದ ಜಾಂಗಲ, ಎರಡರ ನಡುವಿನ ಸಾಧಾರಣ. ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟಗಳ ಚನ್ನಗಿರಿ ಆನೂಪ. ತುಂಗಭದ್ರೆಯ ದಡದ ಹೊನ್ನಾಳಿ ಸಾಧಾರಣ. ಅದರಿಂದ ಬೇರ್ಪಟ್ಟ ನ್ಯಾಮತಿಯೂ ಸಾಧಾರಣವೇ, ಏಕೆಂದರೆ ತಾಲ್ಲೂಕು ಕಚೇರಿ ಬೇರೆಯಾದ ಮಾತ್ರಕ್ಕೆ ಮಳೆ ಪಾಲಾಗುವುದಿಲ್ಲ. ಜಗಳೂರು ನಿರ್ವಿವಾದವಾಗಿ ಜಾಂಗಲ. ಮೂಲಿಕೆ ಕೀಳಲು ಆನೂಪಕ್ಕಿಂತ ಜಾಂಗಲ, ಸಾಧಾರಣ ನೆಲಗಳೇ ಯೋಗ್ಯವೆಂದು ಶಾಸ್ತ್ರ ಹೇಳುತ್ತದೆ. ಅಂದರೆ ಮೂಲಿಕೆಯೇ ಕಾರಣವಾಗಿದ್ದರೆ ಜಗಳೂರಿನ ಬಿಸಿಲಲ್ಲಿ ಕೊಡ ಹಿಡಿದು ನಿಂತವರ ಮೈ ಫಳಫಳ ಹೊಳೆಯಬೇಕಿತ್ತು. ಅವರ ಮೈ ಬಿರಿದಿದ್ದರೆ ಕೊರತೆ ಬೇವಿನದಲ್ಲ. ಬೇವು ಅಲ್ಲಿ ಬೇಕಾದಷ್ಟಿದೆ.

ಇಲ್ಲಿ ಚನ್ನಗಿರಿಯ ಪೂರ್ವಪಕ್ಷಿಗಳು ಎದ್ದುನಿಲ್ಲುತ್ತಾರೆ. ನೀರೇ ಔಷಧವಾದರೆ ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಕೈಗಳೇಕೆ ಕಪ್ಪು? ಬಲವಾದ ಆಕ್ಷೇಪವೇ, ಆದರೆ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿಲ್ಲ. ಅಡಿಕೆಯೂ ನಿಘಂಟುಗಳಲ್ಲಿ ಹೆಸರಿರುವ ಔಷಧದ್ರವ್ಯ. ಅದರ ಚೊಗರು ಸುಲಿಯುವ ಕೈಗೆ ಹತ್ತಿದರೆ ತೊಳೆದಷ್ಟೂ ಬಿಡದು. ಸುಗ್ಗಿ ಮುಗಿದು ಹಳೆಯ ಚರ್ಮ ಸವೆದಮೇಲೆಯೇ ಹೋಗುವುದು. ನಾಲ್ಕೂ ತಾಲ್ಲೂಕುಗಳಲ್ಲಿ ಮೂಲಿಕೆಯೊಂದು ಚರ್ಮದ ಮೇಲೆ ಸಂದೇಹಾತೀತ ಪರಿಣಾಮ ಬೀರಿದ್ದಕ್ಕೆ ಸಿಗುವ ಸಾಕ್ಷ್ಯ ಇದು, ಬಣ್ಣ ಮಾತ್ರ ಜಾಹೀರಾತಿನದಲ್ಲ. ನೀರು ಅದನ್ನೇಕೆ ತೊಳೆಯಲಿಲ್ಲ ಎಂದು ಪಟ್ಟು ಹಿಡಿದರೆ, ರಸ, ಗುಣ, ವೀರ್ಯ, ವಿಪಾಕಗಳಿಂದ ವಿವರಿಸಲಾಗದ್ದನ್ನು ‘ಪ್ರಭಾವ’ ಎನ್ನಬೇಕೆಂದು ಆಯುರ್ವೇದವೇ ಅನುಮತಿಸಿದೆ. ಪ್ರಬಂಧಕಾರರಿಗೆ ಇದಕ್ಕಿಂತ ಉಪಯುಕ್ತವಾದ ಪರಿಭಾಷೆ ಇನ್ನೊಂದಿಲ್ಲ.

ನೀರು ಮೂಲಿಕೆಯೇ ಅಲ್ಲವಲ್ಲ ಎಂಬ ತಕರಾರೂ ಉಂಟು. ಚರಕ ತನ್ನ ಶ್ರೇಷ್ಠ ವಸ್ತುಗಳ ಪಟ್ಟಿಯಲ್ಲಿ, ಆಶ್ವಾಸ ಕೊಡುವವುಗಳಲ್ಲಿ ನೀರನ್ನೂ ದಣಿವು ಕಳೆಯುವವುಗಳಲ್ಲಿ ಸ್ನಾನವನ್ನೂ ಎತ್ತಿಹಿಡಿದದ್ದು ಅದಕ್ಕೆ ಉತ್ತರ. ಜಗಳೂರಿನ ಕೊಳವೆಬಾವಿಗಳಲ್ಲಿ ನೀರಿದ್ದರೂ ಫ್ಲೋರೈಡ್ ಇದೆಯಲ್ಲ ಎಂದರೆ, ಫ್ಲೋರೈಡ್ ತಿನ್ನುವುದು ಮುಖ್ಯವಾಗಿ ಹಲ್ಲು, ಮೂಳೆಗಳನ್ನು. ಆದ್ದರಿಂದ ಅದು ಚರ್ಮದ ಪ್ರಬಂಧದ ವ್ಯಾಪ್ತಿಗೆ ಬಾರದು. ಇಲಾಖೆಗಳು ಪರಸ್ಪರ ಕಡತ ದಾಟಿಸುವಾಗ ಅನುಸರಿಸುವ ವಿಧಾನವನ್ನೇ ಇಲ್ಲಿ ಅನುಸರಿಸಲಾಗಿದೆ.

ಇನ್ನುಳಿದದ್ದು ಬಿಟ್ಟುಹೋದ ಮೂಲಿಕೆಯ ನಾಮಕರಣ: ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ. ಬೇರು ತುಂಗಾ, ಭದ್ರಾ ನದಿಗಳಲ್ಲಿ, ಒಟ್ಟು 29.9 ಟಿಎಂಸಿ ಅಡಿ. ಬಳ್ಳಿ ಚಿತ್ರದುರ್ಗ, ತುಮಕೂರಿನತ್ತ ಹಬ್ಬಿ ಜಗಳೂರಿಗೂ ಒಂದು ಕುಡಿ ಚಾಚಬೇಕು. ಬೆಳವಣಿಗೆ ಬಹು ನಿಧಾನ. ಹೂಬಿಡುವ ಕಾಲ ಬಜೆಟ್. 2023-24ರ ಕೇಂದ್ರ ಬಜೆಟ್ಟಿನಲ್ಲಿ ₹5,300 ಕೋಟಿಯ ಒಂದೇ ಹೂವು ಅರಳಿದ್ದನ್ನು ಎಲ್ಲರೂ ಕಂಡಿದ್ದಾರೆ. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಯನ್ನು ಇದರ ಉಪಜಾತಿಯೆಂದು ಪರಿಗಣಿಸಬಹುದು. ಪ್ರಯೋಗವಿಧಿ ಸರಳ: ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರು ಯಾವ ಮೂಲಿಕೆಯನ್ನಾದರೂ ಹಚ್ಚಿಕೊಳ್ಳಬಹುದು, ಎಂಥದಾದರೂ ನಡೆಯುತ್ತದೆ. ಜಗಳೂರಿನವರು ಮಾತ್ರ ಕಡಲೆಹಿಟ್ಟು ಕಲಸುವ ಮುನ್ನ, ಈ ದಿನ ನಲ್ಲಿಯ ಸರದಿ ಯಾವ ಓಣಿಯದೆಂದು ವಾಟರ್‌ಮ್ಯಾನನ್ನು ಕೇಳಿಕೊಳ್ಳತಕ್ಕದ್ದು.